ಚೈನ್ ರೂಲ್: ಆ ಕೊನೆಯ ಗುಣಾಕಾರ ಎಲ್ಲಿಂದ ಬಂತು?

ಸೈನ್(ಎಕ್ಸ್²) ಅನ್ನು ಡಿಫರೆನ್ಶಿಯೇಟ್ ಮಾಡಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರು ಯೋಚನೆ ಮಾಡದೆ ಬರೆದುಬಿಡ್ತೇವೆ: ಕಾಸ್(ಎಕ್ಸ್²) × 2ಎಕ್ಸ್. ಸೆಕೆಂಡ್ ಪಿಯುಸಿಯಲ್ಲಿ, ಆಮೇಲೆ ಸಿಇಟಿ ತಯಾರಿಯಲ್ಲಿ ಇದನ್ನ ಎಷ್ಟು ಸಲ ಮಾಡಿದ್ದೇವೆ ಅಂದ್ರೆ, ಕೈಗೇ ರೂಢಿಯಾಗಿದೆ. ಆದರೆ ಪಕ್ಕದಲ್ಲಿ ಕೂತವರು "ಆ 2ಎಕ್ಸ್ ಯಾಕೆ ಗುಣಿಸಬೇಕು? ಕೂಡಿದ್ರೆ ಏನಾಗುತ್ತೆ?" ಅಂತ ಕೇಳಿದ್ರೆ, "ರೂಲ್ ಹಾಗಿದೆ" ಅನ್ನೋದು ಬಿಟ್ಟು ಬೇರೆ ಉತ್ತರ ಸುಲಭಕ್ಕೆ ಬಾಯಿಗೆ ಬರೋದಿಲ್ಲ.

ಈ ಪಾಠ ಆ ಪ್ರಶ್ನೆಗಾಗಿ. ಎಂ-ಒನ್ ಓದುತ್ತಿರುವ ಜೂನಿಯರ್‌ಗಳು ಇದನ್ನ ಇಂಟರ್ನಲ್ಸ್‌ಗೆ ಮುಂಚೆ ಒಮ್ಮೆ ಓದಲಿ ಅನ್ನೋದು ನಮ್ಮ ಆಸೆ. ಯಾಕಂದ್ರೆ ಚೈನ್ ರೂಲ್ ಪಿಯುಸಿಗೆ ಮುಗಿಯುವ ವಿಷಯ ಅಲ್ಲ. ಟೋಟಲ್ ಡೆರಿವೇಟಿವ್, ಜಾಕೋಬಿಯನ್, ಮುಂದೆ ಮಷಿನ್ ಲರ್ನಿಂಗ್, ಎಲ್ಲ ಕಡೆ ಇದೇ ವೇಷ ಬದಲಿಸಿ ಬರುತ್ತೆ. "ಹೊರಗಿನದು ಮಾಡು, ಒಳಗಿನದರಿಂದ ಗುಣಿಸು" ಅನ್ನುವ ಬಾಯಿಪಾಠ ಅಲ್ಲಿ ಕೈ ಕೊಡುತ್ತೆ, ಯಾಕಂದ್ರೆ ಅಲ್ಲಿ ಒಳಗೆ ಯಾವುದು, ಹೊರಗೆ ಯಾವುದು ಅನ್ನೋದೇ ಗೊತ್ತಾಗೋದಿಲ್ಲ.

ಕನ್ನಡದಲ್ಲಿ ಇದಕ್ಕೆ ಸರಪಳಿ ನಿಯಮ ಅಂತಾರೆ. ಹೆಸರಲ್ಲೇ ಅರ್ಧ ವಿಷಯ ಇದೆ. ಸರಪಳಿಯಲ್ಲಿ ಕೊಂಡಿಗಳಿರ್ತವೆ. ಒಂದು ತುದಿ ಎಳೆದ್ರೆ ಇನ್ನೊಂದು ತುದಿ ಎಷ್ಟು ಅಲುಗಾಡುತ್ತೆ ಅನ್ನೋದೇ ಇಲ್ಲಿಯ ಪ್ರಶ್ನೆ. (ಫಾರ್ಮುಲಾಗಳನ್ನ ನಾವು ಬಾಯಲ್ಲಿ ಹೇಳುವ ಹಾಗೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇವೆ. ಎರಡು ಸಾಲು ಓದಿದ್ರೆ ಅಭ್ಯಾಸ ಆಗುತ್ತೆ.)

1. ಮೊದಲು ಪೆಟ್ರೋಲ್ ಲೆಕ್ಕ

ಒಂದು ಬೈಕ್ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡ್ತಿದೆ. ಮೈಲೇಜ್ ಲೀಟರ್‌ಗೆ 50 ಕಿಲೋಮೀಟರ್. ಅಂದ್ರೆ ಒಂದು ಕಿಲೋಮೀಟರ್‌ಗೆ 0.02 ಲೀಟರ್ ಖರ್ಚು. ಲೆಕ್ಕ ಸುಲಭ ಆಗಲಿ ಅಂತ ಪೆಟ್ರೋಲ್ ಲೀಟರ್‌ಗೆ 100 ರೂಪಾಯಿ ಅಂದುಕೊಳ್ಳೋಣ. ಹಾಗಾದ್ರೆ ಗಂಟೆಗೆ ಎಷ್ಟು ದುಡ್ಡು ಸುಡ್ತಿದ್ದೇವೆ?

40 × 0.02 × 100 = 80 ರೂಪಾಯಿ.

ಇದನ್ನ ಯಾರೂ ನಮಗೆ ಕ್ಯಾಲ್ಕ್ಯುಲಸ್ ಕ್ಲಾಸಿನಲ್ಲಿ ಹೇಳಿಕೊಡಬೇಕಾಗಿಲ್ಲ. ಆದರೆ ಏನು ಮಾಡಿದ್ವಿ ಅಂತ ನೋಡಿ. ಸಮಯ ಬದಲಾದ್ರೆ ದೂರ ಬದಲಾಗುತ್ತೆ, ದೂರ ಬದಲಾದ್ರೆ ಪೆಟ್ರೋಲ್, ಪೆಟ್ರೋಲ್ ಬದಲಾದ್ರೆ ದುಡ್ಡು. ಮೂರು ಕೊಂಡಿ. ಪ್ರತಿ ಕೊಂಡಿಗೂ ಒಂದು ದರ ಇದೆ. ಒಟ್ಟು ದರ ಬೇಕಾದ್ರೆ ಎಲ್ಲ ದರಗಳನ್ನ ಗುಣಿಸ್ತೇವೆ. ಯೂನಿಟ್ ಬರೆದು ನೋಡಿದ್ರೆ ಇನ್ನೂ ಸ್ಪಷ್ಟ:

(ಕಿಮೀ/ಗಂಟೆ) × (ಲೀಟರ್/ಕಿಮೀ) × (ರೂಪಾಯಿ/ಲೀಟರ್) = ರೂಪಾಯಿ/ಗಂಟೆ.

ಕೂಡಿದ್ರೆ? 40 + 0.02 + 100 = 140.02. ಏನು 140.02? ರೂಪಾಯಿಯಾ, ಲೀಟರಾ, ಕಿಲೋಮೀಟರಾ? ಆ ಸಂಖ್ಯೆಗೆ ಅರ್ಥವೇ ಇಲ್ಲ. ದರದ ಮೇಲೆ ದರ ಬಂದಾಗ ಗುಣಾಕಾರವೇ ಆಗಬೇಕು. ಚೈನ್ ರೂಲ್‌ನ ಜೀವ ಇಷ್ಟೇ. ಉಳಿದದ್ದೆಲ್ಲ, ಈ ದರಗಳು ಒಂದೇ ಸಮ ಇರದೆ ಬದಲಾಗ್ತಾ ಇದ್ರೆ ಏನು ಮಾಡಬೇಕು ಅನ್ನುವುದರ ಬಗ್ಗೆ.

2. ದರ ಬದಲಾಗ್ತಾ ಇದ್ದಾಗ

ಯು = ಎಕ್ಸ್² + 1, ವೈ = ಯು³ ಅಂತ ತಗೊಳ್ಳೋಣ. ಎಕ್ಸ್ ಬದಲಾದ್ರೆ ಯು ಬದಲಾಗುತ್ತೆ, ಯು ಬದಲಾದ್ರೆ ವೈ. ಎಕ್ಸ್ = 2 ಇದ್ದಾಗ ಯು = 5, ವೈ = 125. ಈಗ ಎಕ್ಸ್ ಅನ್ನು ಸ್ವಲ್ಪ ತಳ್ಳಿ, 2.01 ಮಾಡೋಣ.

ಯು ಈಗ 5.0401. ಅಂದ್ರೆ 0.0401 ಏರಿದೆ. ಎಕ್ಸ್ ಏರಿದ 0.01ರಿಂದ ಭಾಗಿಸಿದ್ರೆ ದರ 4.01.

ವೈ ಈಗ ಸುಮಾರು 128.0317. ಅಂದ್ರೆ 3.0317 ಏರಿದೆ. ಯು ಏರಿದ 0.0401ರಿಂದ ಭಾಗಿಸಿದ್ರೆ ದರ ಸುಮಾರು 75.60.

ಎರಡೂ ಗುಣಿಸಿದ್ರೆ ಸುಮಾರು 303.17. ನೇರವಾಗಿ 3.0317 ÷ 0.01 ಮಾಡಿದ್ರೂ ಅದೇ. ಎಕ್ಸ್ ಅನ್ನು ಇನ್ನೂ ಕಡಿಮೆ, 0.001 ಮಾತ್ರ ತಳ್ಳಿದ್ರೆ 300.315 ಬರುತ್ತೆ. ತಳ್ಳೋದು ಸೊನ್ನೆಗೆ ಹತ್ತಿರ ಆದಂತೆ ಮೊದಲ ದರ 4ಕ್ಕೆ, ಎರಡನೆಯದು 75ಕ್ಕೆ, ಒಟ್ಟು 300ಕ್ಕೆ ಹೋಗಿ ಸೇರುತ್ತೆ.

ಈಗ ಈ 4 ಮತ್ತು 75 ಯಾರು ಅಂತ ಗುರುತು ಹಿಡಿಯೋಣ. 4 ಅಂದ್ರೆ 2ಎಕ್ಸ್, ಎಕ್ಸ್ = 2ರಲ್ಲಿ. 75 ಅಂದ್ರೆ 3ಯು², ಯು = 5ರಲ್ಲಿ. ಈ ಎರಡನೇ ಮಾತಿಗೆ ಪೆನ್ಸಿಲ್‌ನಲ್ಲಿ ಅಡಿಗೆರೆ ಹಾಕಿ. ಹೊರಗಿನ ಫಂಕ್ಷನ್‌ಗೆ ಎಕ್ಸ್ ಯಾರು ಅಂತಲೇ ಗೊತ್ತಿಲ್ಲ. ಅದರ ಬಾಗಿಲಿಗೆ ಬಂದು ನಿಂತಿರೋದು 5. ಆದ್ದರಿಂದ ಅದರ ದರವನ್ನ 5ರಲ್ಲೇ ಕೇಳಬೇಕು. 2ರಲ್ಲಿ ಕೇಳಿದ್ರೆ 3 × 4 = 12 ಸಿಗುತ್ತೆ, ಒಟ್ಟು 48 ಬರುತ್ತೆ, ಉತ್ತರ ಪೂರ್ತಿ ತಪ್ಪು.

ಈಗ ನಿಯಮ ಬರೆಯಬಹುದು:

ಡಿವೈ/ಡಿಎಕ್ಸ್ = ಡಿವೈ/ಡಿಯು × ಡಿಯು/ಡಿಎಕ್ಸ್

ಇನ್ನೊಂದು ಬರವಣಿಗೆಯಲ್ಲಿ, ಎಫ್(ಜಿ(ಎಕ್ಸ್))ನ ಡೆರಿವೇಟಿವ್ = ಎಫ್′(ಜಿ(ಎಕ್ಸ್)) × ಜಿ′(ಎಕ್ಸ್).

ಮೊದಲನೆಯದು ನೆನಪಿಡೋಕೆ ಸುಲಭ. ಎರಡನೆಯದು ಎಲ್ಲಿ ಬೆಲೆ ಹಾಕಬೇಕು ಅನ್ನೋದನ್ನ ಮುಚ್ಚಿಡದೆ ಹೇಳುತ್ತೆ: ಎಫ್′ ಒಳಗೆ ಜಿ(ಎಕ್ಸ್) ಹಾಗೇ ಕೂತಿದೆ. ಹೋಳಿಗೆ ತಟ್ಟುವಾಗ ಕಣಕ ಮಾತ್ರ ಅಗಲ ಆಗಬೇಕು, ಹೂರಣ ಹೊರಗೆ ಬರಬಾರದು. ಹೊರಗಿನದನ್ನ ಡಿಫರೆನ್ಶಿಯೇಟ್ ಮಾಡುವಾಗ ಒಳಗಿನದನ್ನ ಮುಟ್ಟಬೇಡಿ. ಅದರ ಸರದಿ ಆಮೇಲೆ, ಬೇರೆಯಾಗಿ ಬರುತ್ತೆ.

3. ಯಾವುದು ಹೊರಗೆ, ಯಾವುದು ಒಳಗೆ?

ಇದಕ್ಕೆ ಒಂದು ಖಚಿತ ಉಪಾಯ ಇದೆ. ಎಕ್ಸ್‌ಗೆ ಒಂದು ಬೆಲೆ ಕೊಟ್ಟು, ಕ್ಯಾಲ್ಕ್ಯುಲೇಟರ್‌ನಲ್ಲಿ ಹಂತಹಂತವಾಗಿ ಉತ್ತರ ತೆಗೀತೀವಿ ಅಂತ ಊಹಿಸಿಕೊಳ್ಳಿ. ಕೊನೆಯಲ್ಲಿ ಮಾಡುವ ಕೆಲಸವೇ ಎಲ್ಲಕ್ಕಿಂತ ಹೊರಗಿನದು. ಡಿಫರೆನ್ಶಿಯೇಶನ್ ಆ ಕೊನೆಯಿಂದ ಶುರುವಾಗಿ ಹಿಂದಕ್ಕೆ ನಡೆಯುತ್ತೆ.

ಸೈನ್(ಎಕ್ಸ್²): ಮೊದಲು ವರ್ಗ, ಕೊನೆಗೆ ಸೈನ್. ಹೊರಗಿನದು ಸೈನ್. ಉತ್ತರ: ಕಾಸ್(ಎಕ್ಸ್²) × 2ಎಕ್ಸ್.

ಸೈನ್²ಎಕ್ಸ್: ಮೊದಲು ಸೈನ್, ಕೊನೆಗೆ ವರ್ಗ. ಹೊರಗಿನದು ವರ್ಗ. ಉತ್ತರ: 2 ಸೈನ್ ಎಕ್ಸ್ × ಕಾಸ್ ಎಕ್ಸ್.

ಬರೆಯುವಾಗ 2 ಅನ್ನು ಎಲ್ಲಿ ಇಟ್ಟಿದ್ದೇವೆ ಅನ್ನೋದಷ್ಟೇ ವ್ಯತ್ಯಾಸ, ಆದ್ರೆ ಉತ್ತರಗಳು ಬೇರೆಬೇರೆ.

ಮೂರು ಕೊಂಡಿ ಬೇಕಾದ್ರೆ ಸೈನ್²(3ಎಕ್ಸ್) ತಗೊಳ್ಳಿ. ಕ್ರಮ: 3ರಿಂದ ಗುಣಿಸು, ಸೈನ್, ವರ್ಗ. ಹಿಂದಿನಿಂದ ಬಂದ್ರೆ:

2 ಸೈನ್(3ಎಕ್ಸ್) × ಕಾಸ್(3ಎಕ್ಸ್) × 3 = 6 ಸೈನ್(3ಎಕ್ಸ್) ಕಾಸ್(3ಎಕ್ಸ್) = 3 ಸೈನ್(6ಎಕ್ಸ್).

ಎಲ್ಲಿ ನಿಲ್ಲಿಸಬೇಕು? ಒಳಗೆ ಬರೀ ಎಕ್ಸ್ ಉಳಿದಾಗ. ಎಕ್ಸ್‌ನ ಡೆರಿವೇಟಿವ್ 1, ಅದರಿಂದ ಗುಣಿಸಿದ್ರೂ ಒಂದೇ, ಬಿಟ್ಟರೂ ಒಂದೇ.

ಒಂದು ಎಚ್ಚರಿಕೆ: ಎಕ್ಸ್² × ಸೈನ್ ಎಕ್ಸ್ ಇಲ್ಲಿ ಚೈನ್ ರೂಲ್ ಬೇಡ. ಅಲ್ಲಿ ಎರಡು ಫಂಕ್ಷನ್‌ಗಳು ಅಕ್ಕಪಕ್ಕ ಕೂತಿವೆ, ಒಂದರೊಳಗೆ ಒಂದಿಲ್ಲ. ಅದಕ್ಕೆ ಪ್ರಾಡಕ್ಟ್ ರೂಲ್.

ಪೇಪರ್‌ಗಳಲ್ಲಿ ತುಂಬಾ ಕಾಣುವ ಇನ್ನೊಂದು ತಪ್ಪು, ಒಳಗೂ ಹೊರಗೂ ಒಟ್ಟಿಗೇ ಡಿಫರೆನ್ಶಿಯೇಟ್ ಮಾಡಿ ಸೈನ್(ಎಕ್ಸ್²)ಗೆ ಕಾಸ್(2ಎಕ್ಸ್) ಅಂತ ಬರೆಯೋದು. ಅನುಮಾನ ಬಂದಾಗ ಉತ್ತರ ಮೊದಲೇ ಗೊತ್ತಿರೋ ಒಂದು ಚಿಕ್ಕ ಲೆಕ್ಕದಲ್ಲಿ ಪರೀಕ್ಷೆ ಮಾಡಿ. (3ಎಕ್ಸ್)² ಅಂದ್ರೆ 9ಎಕ್ಸ್², ಡೆರಿವೇಟಿವ್ 18ಎಕ್ಸ್. ಒಟ್ಟಿಗೇ ಮಾಡುವ ದಾರಿಯಲ್ಲಿ 2 × 3 = 6 ಬರುತ್ತೆ, ತಪ್ಪು. ಕೂಡುವ ದಾರಿಯಲ್ಲಿ 6ಎಕ್ಸ್ + 3, ಅದೂ ತಪ್ಪು. ಗುಣಿಸುವ ದಾರಿಯಲ್ಲಿ 2(3ಎಕ್ಸ್) × 3 = 18ಎಕ್ಸ್. ಪರೀಕ್ಷಾ ಹಾಲ್‌ನಲ್ಲಿ ಇದಕ್ಕೆ ಅರ್ಧ ನಿಮಿಷ ಸಾಕು.

4. ರೇಡಿಯನ್ ಯಾಕೆ ಅಂತ ಕೇಳಿದ್ದೀರಾ?

ಹೈಸ್ಕೂಲಿನವರೆಗೆ ಡಿಗ್ರಿಯಲ್ಲಿ ಸುಖವಾಗಿದ್ದ ನಮ್ಮನ್ನ ಪಿಯುಸಿಯಲ್ಲಿ ರೇಡಿಯನ್‌ಗೆ ಯಾಕೆ ತಂದರು? ಉತ್ತರ ಚೈನ್ ರೂಲ್‌ನಲ್ಲಿದೆ. ಎಕ್ಸ್ ಡಿಗ್ರಿಯ ಸೈನ್ ಅಂದ್ರೆ ಸೈನ್(ಪೈ ಎಕ್ಸ್/180). ಒಳಗೆ ಒಂದು ಕೊಂಡಿ ಜಾಸ್ತಿ ಇದೆ. ಆದ್ದರಿಂದ ಡೆರಿವೇಟಿವ್ ಬರೀ ಕಾಸ್ ಅಲ್ಲ, ಅದರ ಮುಂದೆ ಪೈ/180, ಅಂದ್ರೆ ಸುಮಾರು 0.01745 ಬರುತ್ತೆ. 60 ಡಿಗ್ರಿಯಲ್ಲಿ ಕಾಸ್ 0.5, ಹಾಗಾಗಿ ದರ ಡಿಗ್ರಿಗೆ ಸುಮಾರು 0.0087. ನಿಜವಾಗಿ ನೋಡಿದ್ರೆ ಸೈನ್ 60° = 0.8660, ಸೈನ್ 61° = 0.8746. ವ್ಯತ್ಯಾಸ 0.0086. ಸರಿಹೋಯ್ತು. ಡಿಗ್ರಿಯಲ್ಲಿ ಕ್ಯಾಲ್ಕ್ಯುಲಸ್ ಮಾಡಬಾರದು ಅಂತೇನಿಲ್ಲ, ಆದ್ರೆ ಪ್ರತಿ ಸಲ ಈ ಪೈ/180 ಅನ್ನು ಹೊತ್ತುಕೊಂಡು ತಿರುಗಬೇಕು. ರೇಡಿಯನ್‌ನಲ್ಲಿ ಆ ಕೊಂಡಿಯ ದರ 1.

5. ಡಿಯು ಕ್ಯಾನ್ಸಲ್ ಆಗುತ್ತಾ?

ಡಿವೈ/ಡಿಯು × ಡಿಯು/ಡಿಎಕ್ಸ್ ನೋಡಿದ ತಕ್ಷಣ ಮೇಲೆ ಕೆಳಗೆ ಡಿಯು ಹೊಡೆದುಹಾಕಬೇಕು ಅನ್ನಿಸುತ್ತೆ. ಲೈಬ್ನಿಟ್ಸ್ ಈ ಬರವಣಿಗೆಯನ್ನ ತಂದದ್ದರ ಲಾಭವೇ ಅದು, ನಿಯಮ ತಾನಾಗೇ ನೆನಪಿರುತ್ತೆ. ಅವರ 1676ರ ಒಂದು ಬರಹದಲ್ಲಿ ವರ್ಗಮೂಲದೊಳಗೆ ಒಂದು ಕ್ವಾಡ್ರಾಟಿಕ್ ಇರುವ ಫಂಕ್ಷನ್‌ಗೆ ಈ ರೀತಿ ಲೆಕ್ಕ ಮಾಡಿದ್ದಾರೆ. ತಮಾಷೆ ಏನಂದ್ರೆ ಆ ಲೆಕ್ಕದಲ್ಲಿ ಪ್ಲಸ್-ಮೈನಸ್ ಚಿಹ್ನೆಯ ತಪ್ಪೊಂದು ಉಳಿದುಕೊಂಡಿದೆ. ಇಂಟರ್ನಲ್ಸ್‌ನಲ್ಲಿ ಮೈನಸ್ ಬಿಟ್ಟು ಒಂದು ಮಾರ್ಕ್ ಕಳಕೊಂಡವರು ಸಮಾಧಾನ ಮಾಡಿಕೊಳ್ಳಬಹುದು.

ಆದರೆ ಹೊಡೆದುಹಾಕೋದು ಪ್ರೂಫ್ ಅಲ್ಲ. ಡಿವೈ/ಡಿಯು ಒಂದು ಭಿನ್ನರಾಶಿ ಅಲ್ಲ, ಭಿನ್ನರಾಶಿಗಳ ಲಿಮಿಟ್. ಲಿಮಿಟ್ ತಗೊಳ್ಳೋ ಮುಂಚೆ, ಸಣ್ಣ ಬದಲಾವಣೆಗಳ ಹಂತದಲ್ಲೇ ಕ್ಯಾನ್ಸಲ್ ಮಾಡೋಣ ಅಂದ್ರೆ, ಯುನಲ್ಲಿ ಆದ ಬದಲಾವಣೆ ಸೊನ್ನೆ ಆಗಿಬಿಟ್ಟರೆ? ಸೊನ್ನೆಯಿಂದ ಭಾಗಿಸಿದ ಹಾಗಾಯ್ತು. ಇದು ಬರೀ ತಕರಾರಲ್ಲ. ಜಿ(ಎಕ್ಸ್) = ಎಕ್ಸ್² ಸೈನ್(1/ಎಕ್ಸ್), ಜಿ(0) = 0 ಅನ್ನುವ ಫಂಕ್ಷನ್ ಸೊನ್ನೆಯ ಹತ್ತಿರ ಎಷ್ಟು ಹತ್ತಿರ ಹೋದ್ರೂ ಮತ್ತೆ ಮತ್ತೆ ಸೊನ್ನೆಯನ್ನ ಮುಟ್ಟಿ ಬರುತ್ತೆ. ಅಲ್ಲಿ ಈ ವಾದ ನಡೆಯೋದಿಲ್ಲ. ನಿಯಮ ಮಾತ್ರ ನಡೆಯುತ್ತೆ.

ಸರಿಯಾದ ದಾರಿಯಲ್ಲಿ ಭಾಗಾಕಾರವನ್ನೇ ಬಿಟ್ಟುಬಿಡ್ತಾರೆ. ಎಚ್ ಅನ್ನುವುದು ಎಕ್ಸ್‌ನಲ್ಲಿ ಸಣ್ಣ ಬದಲಾವಣೆ ಆದ್ರೆ,

ಜಿ(ಎಕ್ಸ್ + ಎಚ್) = ಜಿ(ಎಕ್ಸ್) + ಜಿ′(ಎಕ್ಸ್) ಎಚ್ + ಚಿಲ್ಲರೆ.

ಚಿಲ್ಲರೆ ಅಂದ್ರೆ ಎಚ್‌ಗಿಂತಲೂ ಬೇಗ ಸೊನ್ನೆಗೆ ಹೋಗುವ ಭಾಗ. ಅದನ್ನ ಎಚ್‌ನಿಂದ ಭಾಗಿಸಿದ್ರೂ ಸೊನ್ನೆಗೇ ಹೋಗುತ್ತೆ. ಯುನಲ್ಲಿ ಆದ ಬದಲಾವಣೆಗೆ ಕೆ ಅಂತ ಹೆಸರಿಟ್ಟರೆ, ಕೆ = ಜಿ′(ಎಕ್ಸ್) ಎಚ್ + ಚಿಲ್ಲರೆ. ಹೊರಗಿನದಕ್ಕೂ ಹೀಗೇ:

ಎಫ್(ಯು + ಕೆ) = ಎಫ್(ಯು) + ಎಫ್′(ಯು) ಕೆ + ಚಿಲ್ಲರೆ.

ಕೆ ಜಾಗದಲ್ಲಿ ಅದರ ಬೆಲೆ ಹಾಕಿದ್ರೆ ಎಫ್′(ಯು) × ಜಿ′(ಎಕ್ಸ್) × ಎಚ್ ಅನ್ನುವ ಭಾಗ ಮತ್ತು ಒಂದಿಷ್ಟು ಚಿಲ್ಲರೆ ಉಳಿಯುತ್ತೆ. ಕೆ ಹೆಚ್ಚೆಂದ್ರೆ ಎಚ್‌ನ ಕೆಲವು ಪಟ್ಟು ಅಷ್ಟೇ ಇರೋದ್ರಿಂದ, ಎಲ್ಲ ಚಿಲ್ಲರೆಯೂ ಎಚ್‌ನ ಮುಂದೆ ಸೊನ್ನೆಯೇ. ಕೆ ಸೊನ್ನೆಯಾದ್ರೂ ತೊಂದರೆ ಇಲ್ಲ, ನಾವು ಅದರಿಂದ ಎಲ್ಲೂ ಭಾಗಿಸಲೇ ಇಲ್ಲ. ಎಚ್‌ನ ಮುಂದಿರುವ ಸಂಖ್ಯೆಯೇ ಡೆರಿವೇಟಿವ್. ಪ್ರೂಫ್ ಮುಗೀತು.

6. ಬಲೂನ್ ಊದುವಾಗ

ಪಂಪ್‌ನಿಂದ ಸೆಕೆಂಡಿಗೆ 100 ಘನ ಸೆಂಟಿಮೀಟರ್ ಗಾಳಿ ಹೋಗ್ತಿದೆ ಅಂದುಕೊಳ್ಳಿ. ಬಲೂನ್ ಪೂರ್ತಿ ಗೋಳ. ಶುರುವಿನಲ್ಲಿ ಬಲೂನ್ ಸರಸರ ಊದಿಕೊಳ್ಳುತ್ತೆ, ಆಮೇಲಾಮೇಲೆ ದೊಡ್ಡದಾಗೋದೇ ಕಾಣೋದಿಲ್ಲ. ಗಾಳಿ ಒಂದೇ ಸಮ ಹೋಗ್ತಿದ್ರೂ ಹೀಗೇಕೆ?

ಗಾತ್ರ ವಿ = (4/3) ಪೈ ಆರ್³. ವಿ ನೇರವಾಗಿ ಸಮಯವನ್ನ ನೋಡ್ತಿಲ್ಲ, ಆರ್ ಮೂಲಕ ನೋಡ್ತಿದೆ. ಹಾಗಾಗಿ,

ಡಿವಿ/ಡಿಟಿ = 4 ಪೈ ಆರ್² × ಡಿಆರ್/ಡಿಟಿ.

ಎಡಭಾಗ ಯಾವಾಗಲೂ 100. ಆರ್ = 5 ಸೆಂಟಿಮೀಟರ್ ಇದ್ದಾಗ ಡಿಆರ್/ಡಿಟಿ = 100/(100 ಪೈ), ಸುಮಾರು ಸೆಕೆಂಡಿಗೆ 0.318 ಸೆಂಟಿಮೀಟರ್. ಆರ್ = 10 ಆದಾಗ ಸುಮಾರು 0.080 ಮಾತ್ರ. ತ್ರಿಜ್ಯ ಎರಡು ಪಟ್ಟಾದ್ರೆ ಅದು ಬೆಳೆಯುವ ವೇಗ ನಾಲ್ಕನೇ ಒಂದು ಭಾಗ. ಮಧ್ಯದ ಕೊಂಡಿಯ ದರ ಏರಿದಂತೆ ಇನ್ನೊಂದು ಕೊಂಡಿ ಇಳಿಯಲೇಬೇಕು, ಯಾಕಂದ್ರೆ ಗುಣಲಬ್ಧ ಬದಲಾಗ್ತಿಲ್ಲ.

7. ದಾರಿ ಒಂದಕ್ಕಿಂತ ಜಾಸ್ತಿ ಇದ್ದರೆ

ಎಂ-ಒನ್‌ನ ಟೋಟಲ್ ಡೆರಿವೇಟಿವ್ ಇಲ್ಲಿಂದ ಶುರು. ಪವರ್ ಪಿ = ವಿ × ಐ. ಇಲ್ಲಿ ವಿ ವೋಲ್ಟೇಜ್, ಐ ಕರೆಂಟ್, ಎರಡೂ ಸಮಯದ ಜೊತೆ ಬದಲಾಗ್ತಿವೆ. ಸಮಯದಿಂದ ಪಿವರೆಗೆ ಹೋಗೋಕೆ ಎರಡು ದಾರಿ: ಒಂದು ವಿ ಮೂಲಕ, ಇನ್ನೊಂದು ಐ ಮೂಲಕ. ನಿಯಮ ಹೀಗೆ: ದಾರಿಯ ಉದ್ದಕ್ಕೂ ಗುಣಿಸಿ, ದಾರಿಗಳನ್ನ ಕೂಡಿ.

ಡಿಪಿ/ಡಿಟಿ = ಐ × ಡಿವಿ/ಡಿಟಿ + ವಿ × ಡಿಐ/ಡಿಟಿ.

ಗಮನಿಸಿದ್ರಾ, ಇದು ಪ್ರಾಡಕ್ಟ್ ರೂಲ್! ಬೇರೆ ರೂಲ್ ಅಂತ ಓದಿದ್ದು ಎರಡು ದಾರಿಯ ಚೈನ್ ರೂಲ್ ಆಗಿ ಹೊರಬಂತು.

ಸಂಖ್ಯೆ ಹಾಕೋಣ. ವಿ = 10 ವೋಲ್ಟ್, ಐ = 2 ಆಂಪಿಯರ್. ವೋಲ್ಟೇಜ್ ಸೆಕೆಂಡಿಗೆ 0.5 ಏರ್ತಿದೆ, ಕರೆಂಟ್ ಸೆಕೆಂಡಿಗೆ 0.1 ಇಳೀತಿದೆ. ಡಿಪಿ/ಡಿಟಿ = 2 × 0.5 + 10 × (−0.1) = 1 − 1 = 0. ಎರಡೂ ಬದಲಾಗ್ತಿದ್ರೂ ಆ ಕ್ಷಣಕ್ಕೆ ಪವರ್ ಅಲ್ಲೇ ನಿಂತಿದೆ. ಎಂ-ಒನ್ ಪ್ರಶ್ನೆ ಎಷ್ಟೇ ಉದ್ದ ಇರಲಿ, ಯಾವುದು ಯಾವುದರ ಮೇಲೆ ನಿಂತಿದೆ ಅಂತ ಮೊದಲು ಬಾಣ ಹಾಕಿ ಒಂದು ಚಿತ್ರ ಬರೆಯಿರಿ. ಎಷ್ಟು ದಾರಿ ಇದೆಯೋ ಅಷ್ಟು ಪದ. ಒಂದು ದಾರಿ ಬಿಟ್ಟರೆ ಒಂದು ಪದ ಹೋಯ್ತು.

8. ಎಐ ಹೊಟ್ಟೆಯೊಳಗೂ ಇದೇ

ಕಂಪ್ಯೂಟರ್ ಸೈನ್ಸ್‌ನವರು ಇನ್ನೊಂದು ಸ್ವಲ್ಪ ಕೂತ್ಕೊಳ್ಳಿ. ನ್ಯೂರಲ್ ನೆಟ್‌ವರ್ಕ್ ಕಲಿಯೋದು ಅಂದ್ರೆ ಅದರೊಳಗಿನ ವೇಟ್‌ಗಳನ್ನ ತಿದ್ದೋದು. ಯಾವ ವೇಟ್ ಅನ್ನು ಯಾವ ಕಡೆ ಎಷ್ಟು ತಿದ್ದಬೇಕು? ಅದಕ್ಕೆ ತಪ್ಪಿನ ಡೆರಿವೇಟಿವ್ ಬೇಕು.

ಎಲ್ಲಕ್ಕಿಂತ ಚಿಕ್ಕ ನೆಟ್‌ವರ್ಕ್: ಇನ್‌ಪುಟ್ 2, ವೇಟ್ 3. ಊಹೆ = 3 × 2 = 6. ಬರಬೇಕಾಗಿದ್ದ ಉತ್ತರ 10. ವ್ಯತ್ಯಾಸ −4, ಅದರ ವರ್ಗ 16. ಇದು ಲಾಸ್. ವೇಟ್ → ಊಹೆ → ವ್ಯತ್ಯಾಸ → ಲಾಸ್ ಅನ್ನುವ ಸರಪಳಿಯಲ್ಲಿ ಹಿಂದಿನಿಂದ ಬಂದ್ರೆ: 2 × (−4) × 1 × 2 = −16. ಮೈನಸ್ ಅಂದ್ರೆ ವೇಟ್ ಏರಿಸಿದ್ರೆ ಲಾಸ್ ಇಳಿಯುತ್ತೆ. ಆ 16ರ ನೂರನೇ ಒಂದು ಭಾಗ ಏರಿಸಿ 3.16 ಮಾಡೋಣ. ಊಹೆ 6.32, ವ್ಯತ್ಯಾಸ −3.68, ಲಾಸ್ 13.54. ಇಳೀತು. ಇದನ್ನೇ ಮತ್ತೆ ಮತ್ತೆ ಮಾಡೋದಕ್ಕೆ ಟ್ರೈನಿಂಗ್ ಅಂತಾರೆ.

ಹೀಗೆ ಕೊನೆಯಿಂದ ಹಿಂದಕ್ಕೆ ನಡೆಯೋದಕ್ಕೆ ಬ್ಯಾಕ್‌ಪ್ರೊಪಗೇಶನ್ ಅಂತ ಹೆಸರು. ರೂಮೆಲ್‌ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಮೇಲೆ ಇದು ಎಲ್ಲರಿಗೂ ಪರಿಚಯವಾಯ್ತು. ಇದರ ಹಿಂದಿನ ಲೆಕ್ಕದ ವಿಧಾನವನ್ನ ಫಿನ್‌ಲೆಂಡಿನ ಸೆಪ್ಪೊ ಲಿನ್ನೈನ್ಮಾ 1970ರಲ್ಲೇ ಬರೆದಿದ್ದರು. ಹಿಂದಿನಿಂದಲೇ ಯಾಕೆ? ಲಕ್ಷಾಂತರ ವೇಟ್‌ಗಳಿದ್ದರೂ ಲಾಸ್ ಒಂದೇ. ಲಾಸ್ ಕಡೆಯ ಕೊಂಡಿಗಳು ಎಲ್ಲ ದಾರಿಗೂ ಸಾಮಾನ್ಯ. ಅವನ್ನ ಒಂದು ಸಲ ಲೆಕ್ಕ ಮಾಡಿಟ್ಟುಕೊಂಡ್ರೆ ಎಲ್ಲರಿಗೂ ಹಂಚಬಹುದು.

ಸರಪಳಿಯ ಅಪಾಯವೂ ಇಲ್ಲೇ ಗೊತ್ತಾಗೋದು. ಹಳೆಯ ನೆಟ್‌ವರ್ಕ್‌ಗಳಲ್ಲಿ ಬಳಸುತ್ತಿದ್ದ ಸಿಗ್ಮಾಯ್ಡ್ ಫಂಕ್ಷನ್‌ನ ಡೆರಿವೇಟಿವ್ ಎಷ್ಟೇ ಜಾಸ್ತಿ ಅಂದ್ರೂ 1/4. ಹತ್ತು ಲೇಯರ್ ಇದ್ರೆ ಆ 1/4 ಅನ್ನು ಹತ್ತು ಸಲ ಗುಣಿಸಬೇಕು: 10,48,576ರಲ್ಲಿ ಒಂದು ಭಾಗ. ನಡುವೆ ದೊಡ್ಡ ವೇಟ್‌ಗಳು ಬಂದು ಎತ್ತದಿದ್ರೆ, ಮೊದಲ ಲೇಯರ್‌ಗೆ ತಿದ್ದುಪಡಿಯ ಸುದ್ದಿಯೇ ತಲುಪೋದಿಲ್ಲ. ವ್ಯಾನಿಶಿಂಗ್ ಗ್ರೇಡಿಯಂಟ್ ಅನ್ನುವುದು ಇದಕ್ಕೇ. ಈಗ ಹೆಚ್ಚಾಗಿ ಬಳಸುವ ರೆಲು ಫಂಕ್ಷನ್‌ನ ಇಳಿಜಾರು ಪಾಸಿಟಿವ್ ಕಡೆ 1. ಒಂದನ್ನ ಎಷ್ಟು ಸಲ ಗುಣಿಸಿದ್ರೂ ಒಂದೇ. ದರಗಳು ಕೂಡುವುದಿಲ್ಲ, ಗುಣಿಸುತ್ತವೆ ಅನ್ನುವ ಆ ಪೆಟ್ರೋಲ್ ಲೆಕ್ಕದ ಮಾತು ಎಷ್ಟು ದೂರ ಬಂತು ನೋಡಿ.

9. ಈಗ ನಿಮ್ಮ ಸರದಿ

1) (5ಎಕ್ಸ್ − 2)⁴
2) ಇ^(−ಎಕ್ಸ್²)
3) ಲಾಗ್(ಕಾಸ್ ಎಕ್ಸ್), ಇಲ್ಲಿ ಲಾಗ್ ಅಂದ್ರೆ ನ್ಯಾಚುರಲ್ ಲಾಗ್
4) ವರ್ಗಮೂಲ(1 + ಎಕ್ಸ್²)
5) ಕೆರೆಗೆ ಕಲ್ಲು ಹಾಕಿದಾಗ ಎದ್ದ ಅಲೆಯ ವೃತ್ತದ ತ್ರಿಜ್ಯ ಸೆಕೆಂಡಿಗೆ 0.5 ಮೀಟರ್ ಬೆಳೀತಿದೆ. ತ್ರಿಜ್ಯ 4 ಮೀಟರ್ ಆದಾಗ ವೃತ್ತದ ವಿಸ್ತೀರ್ಣ ಯಾವ ದರದಲ್ಲಿ ಬೆಳೀತಿದೆ?
6) ಜಿ(2) = 5, ಜಿ′(2) = 4, ಎಫ್′(2) = 7, ಎಫ್′(5) = 3. ಎಕ್ಸ್ = 2ರಲ್ಲಿ ಎಫ್(ಜಿ(ಎಕ್ಸ್))ನ ಡೆರಿವೇಟಿವ್ ಎಷ್ಟು?

ಉತ್ತರಗಳು: 1) 20(5ಎಕ್ಸ್ − 2)³. 2) −2ಎಕ್ಸ್ ಇ^(−ಎಕ್ಸ್²). 3) −ಟ್ಯಾನ್ ಎಕ್ಸ್. 4) ಎಕ್ಸ್ / ವರ್ಗಮೂಲ(1 + ಎಕ್ಸ್²). 5) 4 ಪೈ, ಸುಮಾರು ಸೆಕೆಂಡಿಗೆ 12.57 ಚದರ ಮೀಟರ್. 6) 12.

ಆರನೆಯದಕ್ಕೆ 28 ಬಂದಿದ್ರೆ ಎರಡನೇ ಭಾಗದಲ್ಲಿ ಅಡಿಗೆರೆ ಹಾಕಿದ ಸಾಲನ್ನ ಇನ್ನೊಮ್ಮೆ ಓದಿ. 12 ಬಂದಿದ್ರೆ ಈ ಪಾಠವನ್ನ ಪಕ್ಕದವರಿಗೆ ಕನ್ನಡದಲ್ಲಿ ಹೇಳಿಕೊಡಿ. ಫಾರ್ಮುಲಾ ಹೇಳದೆ, ಪೆಟ್ರೋಲ್, ಬಲೂನ್ ಇಟ್ಟುಕೊಂಡು ಹೇಳೋಕೆ ಆಯ್ತು ಅಂದ್ರೆ ಇನ್ನು ಇದನ್ನ ಬಾಯಿಪಾಠ ಮಾಡುವ ಅಗತ್ಯ ಇಲ್ಲ.